ಬಾಗವಾನ ಮೇಡಂ ಮತ್ತು ನಾಲ್ಕು ಮಿಲಿಮೀಟರ್

ಕೇರಳಕ್ಕೆ ಬಂದ ಹೊಸದರಲ್ಲಿ ಬಾಗವಾನ ಮೇಡಂಗೆ ಮಲಯಾಳದಲ್ಲಿ ಸರಿಯಾಗಿ ಬರುತ್ತಿದ್ದದ್ದು ಒಂದೇ ಪದ: ಇಲ್ಲ. ಕನ್ನಡದಲ್ಲೂ ಅದೇ, ಮಲಯಾಳದಲ್ಲೂ ಅದೇ. ಕಲಿಯುವ ಕಷ್ಟ ಇರಲಿಲ್ಲ. ಹೇಳುವ ಕಷ್ಟವಂತೂ ಅವರಿಗೆ ಯಾವತ್ತೂ ಇರಲಿಲ್ಲ. ಆಸ್ಪತ್ರೆಯ ಮ್ಯಾನೇಜರಿಗೆ, ದೊಡ್ಡ ಡಾಕ್ಟರಿಗೆ, ನಮ್ಮ ಕಂಪನಿಯವರಿಗೆ, ಎಲ್ಲರಿಗೂ ಆ ಪದವನ್ನು ಒಂದೇ ದನಿಯಲ್ಲಿ ಹೇಳುತ್ತಿದ್ದರು. ಸಿಟ್ಟಿಲ್ಲ, ಸಂಕೋಚವೂ ಇಲ್ಲ. ಸಕ್ಕರೆ ಇದೆಯೇ ಎಂದು ಕೇಳಿದವರಿಗೆ ಅಂಗಡಿಯವನು ಇಲ್ಲ ಅನ್ನುತ್ತಾನಲ್ಲ, ಹಾಗೆ.

ಪೂರ್ತಿ ಹೆಸರು ಮೆಹರುನ್ನೀಸಾ ಬಾಗವಾನ. ಬಿಜಾಪುರದವರು. ಅಪ್ಪ ಗಾಡಿಯಲ್ಲಿ ಹಣ್ಣು ಮಾರುತ್ತಿದ್ದರು. ಧಾರವಾಡದಲ್ಲಿ ಭೌತಶಾಸ್ತ್ರ ಓದಿ, ಮುಂಬೈಯಲ್ಲಿ ವಿಕಿರಣದ ತರಬೇತಿ ಮುಗಿಸಿ, ಎರಡು ಸಾವಿರದ ದಶಕದ ಶುರುವಿನಲ್ಲಿ ತಿರುವನಂತಪುರದ ಉಳ್ಳೂರಿನ ಹತ್ತಿರ ಒಂದು ಖಾಸಗಿ ಕ್ಯಾನ್ಸರ್ ಆಸ್ಪತ್ರೆಗೆ ಫಿಸಿಸಿಸ್ಟ್ ಆಗಿ, ಅಂದರೆ ಯಂತ್ರದ ಕಿರಣ ಅಳೆದು ಒಪ್ಪಿಗೆ ಕೊಡುವವರಾಗಿ ಬಂದಿದ್ದರು. ಕುಳ್ಳಗಿನ ಹೆಂಗಸು. ಕಾಟನ್ ಸೀರೆಯ ಮೇಲೆ ಮಂಡಿ ದಾಟುವ ಬಿಳಿ ಕೋಟು, ಮೂಗಿನ ತುದಿಗೆ ಜಾರುವ ಕನ್ನಡಕ. ಆಸ್ಪತ್ರೆಯವರು ಬಾಗವಾನವನ್ನು ಭಗವಾನ್ ಮಾಡಿಬಿಟ್ಟಿದ್ದರು. 'ಭಗವಾನ್ ಮೇಡಂ ಸಹಿ ಹಾಕಿದರೋ' ಎಂದು ನರ್ಸುಗಳು ಕೇಳಿದರೆ ಹೊಸ ರೋಗಿಗಳು ಬೆರಗಾಗಿ ನೋಡುತ್ತಿದ್ದರು. ಮೇಡಂ ಪ್ರತಿ ಸಲ ತಿದ್ದುತ್ತಿದ್ದರು. "ದೇವರಲ್ರೀ ನಾ. ಹಣ್ಣ ಮಾರೋರ ಮಗಳು." ಯಾರೂ ತಿದ್ದಿಕೊಳ್ಳಲಿಲ್ಲ. ಅವರೂ ತಿದ್ದುವುದನ್ನು ಬಿಡಲಿಲ್ಲ.

ನಾನು ಮೈಸೂರಿನವನು. ಆಸ್ಪತ್ರೆಗಳಿಗೆ ಕ್ಯಾನ್ಸರಿಗೆ ಕಿರಣ ಕೊಡುವ ಆಕ್ಸಿಲರೇಟರ್ ಯಂತ್ರ ಮಾರಿ ರಿಪೇರಿ ಮಾಡುವ ಒಂದು ಕಂಪನಿಯಲ್ಲಿ ಸರ್ವಿಸ್ ಇಂಜಿನಿಯರ್ ಆಗಿದ್ದೆ. ಕೊಚ್ಚಿಯ ಎಡಪ್ಪಳ್ಳಿ ಜಂಕ್ಷನ್ನಿನ ಹಿಂದೆ ನನ್ನ ರೂಮು, ಅಲ್ಲೇ ಎರಡು ಬೀದಿ ಆಚೆ ನಮ್ಮ ಪುಟ್ಟ ಆಫೀಸು. ಕೊಚ್ಚಿಯಿಂದ ತಿರುವನಂತಪುರದವರೆಗೆ ಯಾವ ಯಂತ್ರ ಕೆಟ್ಟರೂ ಟೂಲ್ ಬ್ಯಾಗ್ ಹೆಗಲಿಗೇರಿಸಿ ರೈಲು ಹತ್ತುವುದು ನನ್ನ ಕೆಲಸ. ರಿಪೇರಿ ಮುಗಿಸಿ, ಆಸ್ಪತ್ರೆಯ ಫಿಸಿಸಿಸ್ಟ್ ಹತ್ತಿರ ಕಾಗದಕ್ಕೆ ಸಹಿ ಹಾಕಿಸಿ, ಸಂಜೆಯ ರೈಲಿಗೆ ವಾಪಸ್ ಬರುವುದು ನನ್ನ ಕ್ರಮ. ಬಾಗವಾನ ಮೇಡಂ ಸಿಕ್ಕ ಮೊದಲ ದಿನವೇ ಆ ಕ್ರಮ ತಪ್ಪಿತು.

ನಾನು ಕಾಗದ ಚಾಚಿದಾಗ ಅವರು ಹೆಸರು ನೋಡಿ, "ಪ್ರಸಾದ. ಯಾವೂರ ನಿಂದು?" ಎಂದರು.

"ಮೈಸೂರು ಮೇಡಂ."

"ಹಂಗಾರ ಕನ್ನಡ ಬರತೈತಿ. ಚೊಲೋ ಆತು. ಕೂಡು ಇಲ್ಲೆ. ನೀರು ನಿಲ್ಲಲಿ."

ಯಂತ್ರದ ಕೆಳಗೆ ಗಾಜಿನಂಥ ಪ್ಲಾಸ್ಟಿಕ್ಕಿನ ದೊಡ್ಡ ತೊಟ್ಟಿಯೊಂದನ್ನು ಇಡಿಸಿ ನೀರು ತುಂಬಿಸಿದ್ದರು. ಕಿರಣ ಮೇಲಿನಿಂದ ನೀರಿಗೆ ಬೀಳುತ್ತದೆ. ನೀರಿನೊಳಗೆ ಕಿರುಬೆರಳಿನಷ್ಟು ಒಂದು ಅಳತೆಯ ಉಪಕರಣ, ಅದಕ್ಕೆ ಎಲ್ಲರೂ ಚೇಂಬರ್ ಅನ್ನುತ್ತೇವೆ, ಒಂದೊಂದೇ ಮಿಲಿಮೀಟರ್ ಇಳಿಯುತ್ತ ಯಾವ ಆಳದಲ್ಲಿ ಎಷ್ಟು ಎಂದು ಹೇಳುತ್ತದೆ. ಮನುಷ್ಯನ ಮೈ ಹೆಚ್ಚುಕಡಿಮೆ ನೀರಿನಂತೆಯೇ ಕಿರಣವನ್ನು ತಡೆಯುವುದರಿಂದ ಈ ಏರ್ಪಾಡು. ಮೇಡಂ ಬಳೆಗಳನ್ನು ಒಂದೊಂದಾಗಿ ಬಿಚ್ಚಿ ಮೇಜಿನ ಮೇಲಿಟ್ಟು, ತೊಟ್ಟಿಯ ಅಂಚಿಗೆ ಕಣ್ಣು ಹಚ್ಚಿ ನೀರಿನ ಮಟ್ಟ ನೋಡಿದರು. ಆಮೇಲೆ ಅರ್ಧ ತಾಸು ಸುಮ್ಮನೆ ಕುಳಿತರು. ನಾನು ಗಡಿಯಾರ ನೋಡಿದೆ.

"ರೈಲು ಇದೆ ಮೇಡಂ. ಬೆಳಿಗ್ಗೆ ಬಿಂದು ಔಟ್‌ಪುಟ್ ಚೆಕ್ ಮಾಡಿದ್ರಲ್ಲ, ಸರಿ ಇತ್ತು." ಬಿಂದು ಎಂದರೆ ಅಲ್ಲಿನ ಟೆಕ್ನಿಷಿಯನ್.

"ಬಿಂದು ನೋಡಿದ್ದು ಒಂದ ಆಳದಾಗ. ಅಲ್ಲಿ ಎಷ್ಟ ಬಂತು ಅಂತ. ನಂಗ ಬೇಕಾದ್ದು ಎಲ್ಲೀತನಕ ಹೋತು ಅಂತ." ಕನ್ನಡಕ ಮೇಲಕ್ಕೆ ತಳ್ಳಿಕೊಂಡರು. "ಎಕ್ಸ್‌ರೇ ಈ ಕಡಿಂದ ಹೊಕ್ಕು ಆ ಕಡಿಗೆ ಹೊಂಟ ಹೋಗತೈತಿ. ಎಲೆಕ್ಟ್ರಾನು ಹಂಗಲ್ಲ ತಮ್ಮಾ. ಒಂದೀಟ ದೂರ ಹೋಗಿ ನಿಂತ ಬಿಡತೈತಿ. ಅದಕ್ಕ ಅಲ್ಲೇನ ಚರ್ಮದ ಹತ್ರಾನ ಇರೋ ಗಡ್ಡಿಗೆ ಅದನ್ನ ಹಾಕೂದು? ಎಲ್ಲಿ ನಿಲ್ಲತೈತಿ ಅನ್ನೂದ ಗೊತ್ತಿಲ್ಲದ ಹಾಕಿದ್ರ, ಹಾಕಿ ಏನ ಉಪಯೋಗ?"

ರೈಲು ಹೋಯಿತು. ಅವರು ಆರು, ಒಂಬತ್ತು, ಹನ್ನೆರಡು ಎಂದು ನಾವು ಕರೆಯುವ ಮೂರೂ ಶಕ್ತಿಯ ಎಲೆಕ್ಟ್ರಾನ್ ಕಿರಣಗಳನ್ನು ಅಳೆದು, ಗ್ರಾಫ್ ಹಾಳೆಯ ಮೇಲೆ ಮೂರು ಗೆರೆ ಎಳೆದು, ಹಳೆಯ ಗೆರೆಗಳ ಮೇಲಿಟ್ಟು ಕಿಟಕಿಯ ಬೆಳಕಿಗೆ ಹಿಡಿದರು. ಒಂದರ ಮೇಲೊಂದು ಸರಿಯಾಗಿ ಕೂತವು. ಆಗ ಸಹಿ ಹಾಕಿದರು. ಆಮೇಲೆ ಕ್ಯಾಂಟೀನಿಗೆ ಕರೆದುಕೊಂಡು ಹೋಗಿ, ತಂಗಿ ಬಿಜಾಪುರದಿಂದ ಪಾರ್ಸೆಲ್ ಕಳಿಸಿದ್ದ ಕಟಕ ಜೋಳದ ರೊಟ್ಟಿಯನ್ನು ಅಲ್ಲಿನ ಹುಳಿ ಹುಳಿ ಮೀನಿನ ಸಾರಿನಲ್ಲಿ ಮುರಿದು ಹಾಕಿ ನನ್ನ ಮುಂದೆ ತಳ್ಳಿದರು. ಅಂಥ ಜೋಡಿಯನ್ನು ನಾನು ಮೊದಲು ತಿಂದಿರಲಿಲ್ಲ. ಆಮೇಲೆ ಬಿಡಲೂ ಇಲ್ಲ.

ಅವರ ಹಟಕ್ಕೆ ಆಸ್ಪತ್ರೆಯವರು ನಗುತ್ತಿದ್ದದ್ದೂ ಉಂಟು. ಒಮ್ಮೆ ಮಾಲೀಕರು ಹೊರದೇಶದ ಅತಿಥಿಗಳನ್ನು ಯಂತ್ರ ತೋರಿಸಲು ಕರೆತಂದರು. ಮೇಡಂ ಬಾಗಿಲ ಬಳಿ ನಿಂತು, "ಒಂದ್ ತಾಸು ಬಿಟ್ಟು ಬರ್ರಿ. ಇಷ್ಟ ಮಂದಿ ನಡದ್ರ ನೀರು ಅಲಗಾಡತೈತಿ" ಎಂದು ಇಂಗ್ಲಿಷಿನಲ್ಲೂ ಅದೇ ಧಾಟಿಯಲ್ಲಿ ಹೇಳಿದರು. ಮಾಲೀಕರು ನಗುತ್ತ ಅತಿಥಿಗಳನ್ನು ಟೀ ಕುಡಿಸಲು ಕರೆದೊಯ್ದರು. ಆದರೆ ಮ್ಯಾನೇಜರ್ ನಗಲಿಲ್ಲ. ಆತ ಎತ್ತರದ, ಇಸ್ತ್ರಿ ಮಡಿಕೆ ಮುರಿಯದ ಮನುಷ್ಯ. ಆ ದಿನವನ್ನು ಮನಸ್ಸಿನಲ್ಲಿ ಇಟ್ಟುಕೊಂಡ ಎಂದು ಆಮೇಲೆ ಗೊತ್ತಾಯಿತು.

ಎರಡನೆಯ ವರ್ಷದ ಮಳೆಗಾಲದಲ್ಲಿ ಯಂತ್ರ ಒಂಬತ್ತರ ಶಕ್ತಿಯಲ್ಲಿ ತಕರಾರು ಮಾಡುತ್ತಿದೆ ಎಂದು ಫೋನು ಬಂತು. ಕಿರಣ ಒಂದೇ ಸಮ ಬರದೆ ತಡೆತಡೆದು ನಿಲ್ಲುತ್ತಿತ್ತು. ನಾನು ಹೋಗಿ ಎರಡು ದಿನ ಒದ್ದಾಡಿದೆ. ಎಲೆಕ್ಟ್ರಾನುಗಳನ್ನು ಕೆಳಕ್ಕೆ ಬಗ್ಗಿಸಿ ರೋಗಿಯ ಕಡೆ ಕಳಿಸಲು ಯಂತ್ರದ ತಲೆಯಲ್ಲಿ ಒಂದು ಅಯಸ್ಕಾಂತ ಇರುತ್ತದೆ. ಅದರ ಕರೆಂಟನ್ನು ಹೊಂದಿಸಲು ಪ್ರತಿ ಶಕ್ತಿಗೂ ಬೇರೆ ಬೇರೆ ಪುಟ್ಟ ತಿರುಪು, ಅಕ್ಕಿಕಾಳಿನಷ್ಟು. ಒಂಬತ್ತರ ತಿರುಪನ್ನು ಒಂದಿಷ್ಟು ತಿರುವಿ, ಉಳಿದದ್ದನ್ನು ಅದಕ್ಕೆ ಹೊಂದಿಸಿದೆ. ಕಿರಣ ತಡೆಯದೆ ಒಂದೇ ಸಮ ಬಂತು. ಔಟ್‌ಪುಟ್ ನೋಡಿದೆ, ಸರಿ ಇತ್ತು. ತಿರುಪು ಮುಟ್ಟಿದ್ದನ್ನು ಯಂತ್ರದ ಪುಸ್ತಕದಲ್ಲಿ ಬರೆಯಬೇಕಿತ್ತು. ಬೆಳಿಗ್ಗೆ ಬರೆದರಾಯಿತು ಎಂದು ಬಿಟ್ಟೆ. ಬೆಳಿಗ್ಗೆ ನೆನಪಾಗಲಿಲ್ಲ.

ಬೆಳಿಗ್ಗೆ ಮೇಡಂ ತೊಟ್ಟಿ ಇಡಿಸಿದರು. ಆರು ಸರಿ ಬಂತು. ಹನ್ನೆರಡು ಸರಿ ಬಂತು. ಒಂಬತ್ತು ಮಾತ್ರ ಬರಲಿಲ್ಲ. ಅದರ ಜೋರು ಅರ್ಧಕ್ಕೆ ಇಳಿಯಬೇಕಾದದ್ದು ಮೂರೂವರೆ ಸೆಂಟಿಮೀಟರಿನ ಆಸುಪಾಸಿನಲ್ಲಿ. ಇದು ಇನ್ನೂ ನಾಲ್ಕು ಮಿಲಿಮೀಟರ್ ಕೆಳಗೆ ಹೋಗುತ್ತಿತ್ತು.

ಮೇಡಂ ನೀರು ಖಾಲಿ ಮಾಡಿಸಿ ಮತ್ತೆ ತುಂಬಿಸಿದರು. ಮತ್ತೆ ಅಳೆದರು. ಚೇಂಬರ್ ಬದಲಿಸಿ ಅಳೆದರು. ನೀರು ಬೇಡವೆಂದು ಪ್ಲಾಸ್ಟಿಕ್ ಹಲಗೆಗಳನ್ನು ಒಂದರ ಮೇಲೊಂದು ಜೋಡಿಸಿ ಅಳೆದರು. ನಾಲ್ಕು ಮಿಲಿಮೀಟರ್ ಕದಲಲಿಲ್ಲ. ಆಗ ಅವರು ಕಂಟ್ರೋಲ್ ಮೇಜಿನಿಂದ ಯಂತ್ರದ ಕೀಲಿ ತೆಗೆದು ಕೋಟಿನ ಜೇಬಿಗೆ ಹಾಕಿಕೊಂಡರು. ಬಿಂದುವಿನ ಕೈಯಲ್ಲಿ ಹೊರಗಿನ ಹಲಗೆಯ ಮೇಲೆ ಮಲಯಾಳದಲ್ಲಿ ಬರೆಸಿದರು. ಬಿಂದು ಓದಿ ಹೇಳಿದಳು: 'ಇನ್ನ್ ಎಲೆಕ್ಟ್ರಾನ್ ಇಲ್ಲ.' ಮಲಯಾಳದಲ್ಲಿ ಇನ್ನ್ ಎಂದರೆ ಇವತ್ತು. ನನ್ನ ಕನ್ನಡದ ಕಿವಿಗೆ ಅದು ಇನ್ನು ಮೇಲೆ ಎಲೆಕ್ಟ್ರಾನೇ ಇಲ್ಲ ಎಂದು ಕೇಳಿಸಿತು. ಎಕ್ಸ್‌ರೇ ಕಿರಣದ ರೋಗಿಗಳಿಗೆ ಬೇಕಾದಾಗಲೆಲ್ಲ ಅವರೇ ಬಂದು ಕೀಲಿ ಹಾಕಿ ಯಂತ್ರ ನಡೆಸುತ್ತಿದ್ದರು. ಆ ಸರದಿ ಮುಗಿದ ಕೂಡಲೆ ಕೀಲಿ ಮತ್ತೆ ಜೇಬಿಗೆ.

ಹೊರಗೆ ಬೆಂಚಿನ ಮೇಲೆ ಒಂಬತ್ತರ ಕಿರಣಕ್ಕಾಗಿಯೇ ಕಾದವರಲ್ಲಿ ಮೊದಲನೆಯವಳು ಫಿಲೋಮಿನಾ. ವಿಳಿಂಜಂ ಕಡಲ ದಂಡೆಯಲ್ಲಿ ಮೀನು ಮಾರುವವಳು, ಐವತ್ತರ ಆಸುಪಾಸು. ಎಡ ಸ್ತನ ತೆಗೆದಾಗಿತ್ತು. ಆ ಜಾಗದ ಎದೆಗೋಡೆಗೆ ಕಿರಣ ಕೊಡಬೇಕಿತ್ತು. ಎರಡು ಬಸ್ಸು ಬದಲಿಸಿ ಬಂದವಳಿಗೆ ಇವತ್ತು ಇಲ್ಲ ಎಂದಾಗ ಕೂಗಾಡಿದಳು. ಎರಡನೆಯ ದಿನವೂ ಇಲ್ಲ ಎಂದಾಗ ಮೇಡಂನ ಕೋಟು ಹಿಡಿದಳು.

ಮೇಡಂ ಕೈ ಬಿಡಿಸಿಕೊಳ್ಳಲಿಲ್ಲ. ಅವಳ ಪಕ್ಕ ಬೆಂಚಿನ ಮೇಲೆ ಕುಳಿತರು. ಆ ಹೊತ್ತಿಗೆ ಮಲಯಾಳ ಒಂದಿಷ್ಟು ಬರುತ್ತಿತ್ತು, ಬಾರದ ಕಡೆ ಕನ್ನಡವೇ.

"ಚೇಚೀ, ನೋಡ್ರಿಲ್ಲಿ." ಮಲಯಾಳದಲ್ಲಿ ಅಕ್ಕ ಎಂದು ಕರೆದು, ತಮ್ಮ ಅಂಗೈ ಚಾಚಿದರು. "ಇದು ನಿಮ್ಮ ಎದಿ ಗ್ವಾಡಿ. ಬೆಳಕು ಇಲ್ಲಿಗೆ ಬಂದು ನಿಲ್ಲಬೇಕು." ಅಂಗೈ ಹಿಂದೆ ಇನ್ನೊಂದು ಕೈಯನ್ನು ಮುಷ್ಟಿ ಕಟ್ಟಿ ಹಿಡಿದರು. "ಇದರ ಹಿಂದ ಏನೈತಿ? ಶ್ವಾಸಕೋಶ. ಎಡಕ್ಕ ಹೃದಯ. ಈಗ ಅದು ನಿಲ್ಲವಲ್ಲದು. ಇಲ್ಲಿಗಿ ಹೋಗಾಕತ್ತೈತಿ."

"ಎಷ್ಟು ಹೋಗ್ತಿದೆ?" ಎಂದಳು ಫಿಲೋಮಿನಾ.

ಮೇಡಂ ಹೆಬ್ಬೆರಳು, ತೋರುಬೆರಳ ನಡುವೆ ಸಂದು ಮಾಡಿ ತೋರಿಸಿದರು.

ಅವಳು ಆ ಸಂದನ್ನು ದಿಟ್ಟಿಸಿದಳು. ಕೋಟು ಬಿಟ್ಟು, "ಅದು ನಿಲ್ಲುತ್ತೆ ಅಂತ ನೀನು ಹೇಳುವವರೆಗೆ ನಾನು ಒಳಗೆ ಹೋಗಲ್ಲ. ಯಾರು ಕರೆದರೂ ಹೋಗಲ್ಲ" ಎಂದಳು. ಹೇಳಿದ್ದಷ್ಟೇ ಅಲ್ಲ, ಬೆಂಚನ್ನು ಬಾಗಿಲ ಪಕ್ಕಕ್ಕೆ ಎಳೆದುಕೊಂಡು ಕುಳಿತಳು.

ಅವತ್ತು ಮಧ್ಯಾಹ್ನ ಮ್ಯಾನೇಜರ್ ಬಂದ. ರೇಡಿಯೇಷನ್ ಡಾಕ್ಟರು ಆಗಲೇ ತಮ್ಮ ಮಾತು ಹೇಳಿ ಮುಗಿಸಿದ್ದರು: ಭಗವಾನ್ ಮೇಡಂ ಸಹಿ ಇಲ್ಲದೆ ನಾನು ರೋಗಿಯನ್ನು ಒಳಗೆ ಕಳಿಸುವುದಿಲ್ಲ, ಆದರೆ ಜಗಳ ನೀವಿಬ್ಬರೇ ಆಡಿಕೊಳ್ಳಿ. ಮ್ಯಾನೇಜರ್ ಇಂಗ್ಲಿಷಿನಲ್ಲಿ, ತುಂಬ ಸಭ್ಯವಾಗಿ ಹೇಳಿದ. "ಮೇಡಂ, ಯಂತ್ರ ಮಾರಿದವರೇ ಸರಿ ಇದೆ ಅಂತಿದ್ದಾರೆ. ಔಟ್‌ಪುಟ್ ಸರಿ ಇದೆ. ನಿಮ್ಮ ನೀರಿನ ತೊಟ್ಟಿ ತಪ್ಪಿರಬಹುದಲ್ಲ?"

ಆ ತೊಟ್ಟಿಯ ಮಾತು ಚೆನ್ನೈಯಲ್ಲಿದ್ದ ನನ್ನ ಬಾಸ್ ಫೋನಿನಲ್ಲಿ ಕೊಟ್ಟದ್ದು. ನಾನೇ ಅದನ್ನು ಮ್ಯಾನೇಜರಿಗೆ ದಾಟಿಸಿದ್ದೆ.

ಮೇಡಂ ನನ್ನ ಕಡೆ ತಿರುಗಿದರು. "ತೊಟ್ಟಿ ತಪ್ಪಿದ್ರ ಮೂರೂ ತಪ್ಪಬೇಕು. ಅದ ನೀರು, ಅದ ಚೇಂಬರು, ಅದ ನಾನು. ಆರು ಸರಿ ಐತಿ, ಹನ್ನೆರಡು ಸರಿ ಐತಿ. ಒಂಬತ್ತೊಂದ ಯಾಕ ತಪ್ಪತೈತಿ, ಹೇಳು ತಮ್ಮಾ."

ಉತ್ತರ ನನಗೆ ಹೊಳೆದದ್ದು ಆ ಕ್ಷಣ. ಅಕ್ಕಿಕಾಳಿನಷ್ಟು ತಿರುಪು ಕಣ್ಣ ಮುಂದೆ ಬಂತು. ಅಯಸ್ಕಾಂತದ ಕರೆಂಟು ಏರಿದರೆ ಹೆಚ್ಚು ಶಕ್ತಿಯ ಎಲೆಕ್ಟ್ರಾನುಗಳೇ ಆ ತಿರುವು ದಾಟಿ ಬರುತ್ತವೆ, ಹೆಚ್ಚು ಆಳಕ್ಕೆ ಹೋಗುತ್ತವೆ. ಕಾಲೇಜಿನ ಹುಡುಗನಿಗೂ ಗೊತ್ತಿರುವ ವಿಷಯ. ನಾನು ಹೇಳಿದ್ದು ಮಾತ್ರ, "ನೋಡ್ತೀನಿ ಮೇಡಂ. ಆಫೀಸಿನಲ್ಲಿ ಕೇಳಿ ಬರ್ತೀನಿ."

ಅವತ್ತೇ ಸಂಜೆಗೆ ಕೊಚ್ಚಿಗೆ ಬಂದುಬಿಟ್ಟೆ. ಓಡಿಬಂದೆ ಎನ್ನುವುದೇ ಸರಿ. ಎಡಪ್ಪಳ್ಳಿ ಆಫೀಸಿಗೆ ಹೋದರೆ ಅಲ್ಲಿ ನನಗಿಂತ ಮುಂಚೆ ಮೇಡಂನ ಫ್ಯಾಕ್ಸ್ ಬಂದು ಕೂತಿತ್ತು. ಮೂರು ಗ್ರಾಫು. ಎರಡರಲ್ಲಿ ಹೊಸ ಗೆರೆ ಹಳೆಯದರ ಮೇಲೆ ಕೂತು ಒಂದೇ ಗೆರೆಯಂತೆ ಕಾಣುತ್ತಿತ್ತು. ಮೂರನೆಯದರಲ್ಲಿ ಎರಡು ಗೆರೆ ಬೇರೆ ಬೇರೆ. ಕೆಳಗೆ ಕನ್ನಡದಲ್ಲಿ ಒಂದು ಸಾಲು: 'ತಮ್ಮಾ, ನಿನ್ನ ಕಂಪನಿಗೆ ಅಲ್ಲ, ಇದು ನಿನಗ. ನೀನೂ ಒಮ್ಮೆ ನೋಡು.'

ಬಾಸ್‌ಗೆ ಫೋನು ಮಾಡಿ ತಿರುಪಿನ ವಿಷಯ ಹೇಳಿದೆ. ಆತ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಇಷ್ಟೇನಾ? ನಾಳೆ ಹೋಗಿ ತಿರುಪನ್ನ ಮೊದಲಿದ್ದ ಜಾಗಕ್ಕೆ ತಂದುಬಿಡಿ. ಯಾರಿಗೂ ಹೇಳೋದು ಬೇಡ. ಯಂತ್ರ ಪರೀಕ್ಷಿಸಲಾಯಿತು, ದೋಷ ಕಂಡುಬರಲಿಲ್ಲ ಅಂತ ರಿಪೋರ್ಟ್ ಬರೀರಿ. ಆಯಮ್ಮ ಮತ್ತೆ ಅಳೀತಾರೆ, ಸರಿ ಬರುತ್ತೆ. ತಮ್ಮ ತೊಟ್ಟಿಯದೇ ತಪ್ಪು ಅಂದ್ಕೊಳ್ತಾರೆ. ಎಲ್ಲರಿಗೂ ಒಳ್ಳೆಯದು."

ಸುಳ್ಳು ಹೇಳಬಾರದು, ನನಗೂ ಅದು ಒಳ್ಳೆಯದೆಂದೇ ಅನ್ನಿಸಿತು. ರೋಗಿಗೆ ತೊಂದರೆ ಇಲ್ಲ, ನನಗೆ ತೊಂದರೆ ಇಲ್ಲ. ಬೆಳಗಿನ ರೈಲಿಗೆ ಹತ್ತಿ ತಿರುವನಂತಪುರಕ್ಕೆ ಹೋದೆ. ಯಂತ್ರದ ಹಿಂದಿನ ಬಾಗಿಲು ತೆರೆದು ತಿರುಪನ್ನೂ ಅದಕ್ಕೆ ಹೊಂದಿಸಿದ್ದನ್ನೂ ಹಳೆಯ ಜಾಗಕ್ಕೆ ತಂದೆ. ಮೊದಲಿನ ತಕರಾರಿಗೆ ಕಾರಣವಾಗಿದ್ದ ಸಡಿಲ ಕನೆಕ್ಟರ್ ಅವತ್ತು ಕಣ್ಣಿಗೆ ಬಿತ್ತು. ಅದನ್ನು ಒತ್ತಿ ಕೂರಿಸಿದೆ. ತಿರುಪು ಮುಟ್ಟುವ ಅಗತ್ಯವೇ ಇರಲಿಲ್ಲ ಎಂದು ಅದರಿಂದ ಗೊತ್ತಾಯಿತು. ಹೊರಗೆ ಬಂದು, "ಒಂದು ಸಲ ನೋಡಿ ಮೇಡಂ" ಎಂದೆ.

ಮೇಡಂ ಬಳೆ ಬಿಚ್ಚಿಟ್ಟರು. ನೀರು ನಿಂತಿತು. ಅಳೆದರು. ಗೆರೆ ಎಳೆದು ಕಿಟಕಿಗೆ ಹಿಡಿದರು. ಒಂಬತ್ತು ಹಳೆಯದರ ಮೇಲೆ ಸರಿಯಾಗಿ ಕೂತಿತು.

ಮ್ಯಾನೇಜರ್ ಬಾಗಿಲಲ್ಲೇ ಕಾದಿದ್ದ. "ಸರಿ ಬಂತಲ್ಲ. ಕೀಲಿ ಕೊಡಿ, ಶುರು ಮಾಡೋಣ."

"ಇಲ್ಲ" ಎಂದರು ಮೇಡಂ.

"ಯಾಕೆ? ನೀವೇ ಅಳೆದಿದ್ದೀರಿ."

"ನಿನ್ನಿ ಯಾಕ ತಪ್ಪಿತ್ತು ಅಂತ ನಂಗ ಗೊತ್ತಿಲ್ಲ. ಇವತ್ತು ಯಾಕ ಸರಿ ಆತು ಅಂತ ಗೊತ್ತಿಲ್ಲ. ಹಂಗಾದ್ರ ನಾಳಿ ಮತ್ತ ತಪ್ಪತೈತಿ, ಅದೂ ಗೊತ್ತಾಗಂಗಿಲ್ಲ." ಇಂಗ್ಲಿಷಿನಲ್ಲಿ ಅದನ್ನೇ ಇನ್ನೊಮ್ಮೆ ಹೇಳಿದರು. "ಯಾಕಂತ ಗೊತ್ತಾಗಲಿ, ಕೀಲಿ ಕೊಡ್ತೀನಿ."

ಮ್ಯಾನೇಜರ್‌ನ ಸಭ್ಯತೆ ಅಲ್ಲಿಗೆ ಮುಗಿಯಿತು. ಈ ಯಂತ್ರ ನಿಮ್ಮ ಮನೆಯದಲ್ಲ, ಕಂಪನಿಯ ಇಂಜಿನಿಯರ್ ದೋಷ ಇಲ್ಲ ಎಂದು ಬರೆದು ಕೊಡುತ್ತಿರುವಾಗ ನಿಲ್ಲಿಸಲು ನೀವು ಯಾರು, ನಿಮ್ಮ ತಪ್ಪು ಮುಚ್ಚಿಕೊಳ್ಳಲು ರೋಗಿಗಳನ್ನು ಕಾಯಿಸುತ್ತಿದ್ದೀರಿ ಎಂದೆಲ್ಲ ಅಂದ. ಮೇಡಂ ಕೋಟಿನ ಜೇಬಿನಲ್ಲಿ ಕೈ ಇಟ್ಟುಕೊಂಡು ಕೇಳುತ್ತಿದ್ದರು. ಅವರ ಮುಖದಲ್ಲಿ ಸಿಟ್ಟು ಕಾಣಲಿಲ್ಲ. ಆದರೆ ಜೇಬಿನೊಳಗಿನ ಕೈ ಕೀಲಿಯನ್ನು ಮತ್ತೆ ಮತ್ತೆ ಮುಟ್ಟಿ ನೋಡುತ್ತಿದ್ದದ್ದು ಬಟ್ಟೆಯ ಮೇಲೆ ಕಾಣುತ್ತಿತ್ತು. ಆ ಹೆಂಗಸಿಗೆ ಭಯವೇ ಇಲ್ಲವೆಂದು ನಾನು ಅಲ್ಲಿಯವರೆಗೆ ನಂಬಿದ್ದೆ. ಇತ್ತು. ಇದ್ದೂ ನಿಂತಿದ್ದರು. ದೋಷ ಕಂಡುಬರಲಿಲ್ಲ ಎಂಬ ರಿಪೋರ್ಟು ನನ್ನ ಕೈಯಲ್ಲೇ ಇತ್ತು.

"ಮೇಡಂದು ತಪ್ಪಿಲ್ಲ" ಎಂದೆ. "ನಾನು ತಿರುಪು ತಿರುಗಿಸಿದ್ದೆ. ಬರೆದಿಡಲಿಲ್ಲ. ಇವತ್ತು ಬೆಳಿಗ್ಗೆ ವಾಪಸ್ ಮಾಡಿದೆ. ಅದನ್ನೂ ಹೇಳಲಿಲ್ಲ."

ಮೇಡಂ ನನ್ನನ್ನು ದಿಟ್ಟಿಸಿ ನೋಡಿದರು. ಬಯ್ಯುತ್ತಾರೆ ಅಂದುಕೊಂಡೆ.

"ಎಷ್ಟ ತಿರುವಿದ್ದಿ?"

"ಕಾಲು ಸುತ್ತು."

"ಯಾವ ಕಡಿಗೆ?"

"ಬಲಕ್ಕೆ."

ಯಂತ್ರದ ಪುಸ್ತಕ ತೆಗೆದು ನನ್ನ ಮುಂದಿಟ್ಟು ಪೆನ್ನು ಕೊಟ್ಟರು. "ಬರಿ. ಯಾವತ್ತು, ಯಾಕ, ಕಾಲು ಸುತ್ತು, ಬಲಕ್ಕ. ಇವತ್ತು ವಾಪಸ್ ಮಾಡಿದ್ದನ್ನೂ ಬರಿ. ಕನೆಕ್ಟರ್ ಸಡಿಲ ಇತ್ತು ಅಂದ್ರ ಅದನ್ನೂ. ಸಹಿ ಮಾಡು."

ನಾನು ಬರೆದೆ. ಅವರು ಓದಿ ಕೆಳಗೆ ತಾವೂ ಸಹಿ ಹಾಕಿದರು. ಇನ್ನೊಮ್ಮೆ ಒಂಬತ್ತನ್ನು ಅಳೆದರು. ಆಮೇಲೆ ಕೀಲಿಯನ್ನು ಮೇಜಿಗೆ ಹಾಕಿ, ಮ್ಯಾನೇಜರ್‌ನ ಪಕ್ಕದಿಂದಲೇ ಹಾಯ್ದು ಹೊರಗೆ ಹೋಗಿ, "ಚೇಚೀ, ಬರ್ರಿ. ಈಗ ನಿಲ್ಲತೈತಿ" ಎಂದರು. ಬಾಗಿಲ ಪಕ್ಕದ ಬೆಂಚಿನಿಂದ ಫಿಲೋಮಿನಾ ಎದ್ದು, ಮ್ಯಾನೇಜರ್ ಕಡೆ ಒಮ್ಮೆ ನೋಡಿ, ಸೆರಗು ಕೊಡವಿಕೊಂಡು ಒಳಗೆ ಹೋದಳು.

ಕಂಪನಿ ನನ್ನನ್ನು ಆಕ್ಸಿಲರೇಟರ್‌ಗಳಿಂದ ತೆಗೆದು ಒಂದು ವರ್ಷ ಹಳೆಯ ಎಕ್ಸ್‌ರೇ ಯಂತ್ರಗಳ ಕೇಬಲ್ ಬದಲಿಸಲು ಹಾಕಿತು. ಅದು ನ್ಯಾಯವೇ. ಮೇಡಂಗೆ ಆದದ್ದು ನ್ಯಾಯವಲ್ಲ. ಎರಡು ದಿನಕ್ಕೂ ಹೆಚ್ಚು ಕೀಲಿ ಇಟ್ಟುಕೊಂಡದ್ದಕ್ಕೆ, ರೋಗಿಯ ಎದುರು ಯಂತ್ರದ ಬಗ್ಗೆ ಮಾತಾಡಿದ್ದಕ್ಕೆ ಕ್ಷಮೆ ಕೇಳಿ ಪತ್ರ ಕೊಡಿ ಎಂದು ಮ್ಯಾನೇಜರ್ ಕೇಳಿದ. ಅವರು ಕೊಟ್ಟ ಪತ್ರವನ್ನು ಬಿಂದು ನನಗೆ ಫೋನಿನಲ್ಲಿ ಓದಿ ಹೇಳಿದಳು. ಎರಡೇ ಸಾಲು. 'ಕೀಲಿ ನನ್ನ ಹತ್ತಿರ ಇತ್ತು. ಮುಂದೆಯೂ ಹೀಗೇ ಆದರೆ ನನ್ನ ಹತ್ತಿರವೇ ಇರುತ್ತದೆ.' ಆ ವರ್ಷದ ಕೊನೆಗೆ ಅವರ ಕರಾರನ್ನು ಮುಂದುವರಿಸಲಿಲ್ಲ.

ನಾನು ಅಪರಾಧಿಯ ಮುಖ ಹೊತ್ತು ಉಳ್ಳೂರಿನ ಅವರ ಕೋಣೆಗೆ ಹೋದೆ. ಅವರು ಪುಸ್ತಕಗಳನ್ನು ಹಗ್ಗದಿಂದ ಕಟ್ಟುತ್ತಿದ್ದರು.

"ನನ್ನಿಂದ ನಿಮ್ಮ ಕೆಲಸ ಹೋಯ್ತು ಮೇಡಂ."

"ನೌಕರಿ ಹೋತು. ಕೆಲಸ ಎಲ್ಲಿ ಹೋಗತೈತಿ? ಎಲೆಕ್ಟ್ರಾನು ಇದೊಂದ ದವಾಖಾನ್ಯಾಗ ಅದಾವೇನು? ಹಿಡಿ ಇಲ್ಲಿ, ಗಂಟ ಹಾಕು."

ಗಂಟು ಹಾಕುವಾಗ ಅವರು ಮುಖ ಆ ಕಡೆ ತಿರುಗಿಸಿ ಒಮ್ಮೆ ಮೂಗೊರೆಸಿಕೊಂಡರು. ಧೂಳು ಎಂದರು.

ನಾಲ್ಕು ತಿಂಗಳು ಎಲ್ಲೂ ಕರೆಯಲಿಲ್ಲ. ಜಗಳಗಂಟಿ ಎಂಬ ಹೆಸರು ಅವರಿಗಿಂತ ಮುಂಚೆ ಊರೂರಿಗೆ ಹೋಗಿತ್ತು. ಕೊನೆಗೆ ಎಡಪ್ಪಳ್ಳಿಯ ಹತ್ತಿರದ ಒಂದು ಸಣ್ಣ ಆಸ್ಪತ್ರೆ, ಹಳೆಯ ಯಂತ್ರ ಇಟ್ಟುಕೊಂಡು ಅದನ್ನು ನಂಬುವುದೋ ಬಿಡುವುದೋ ತಿಳಿಯದೆ ಒದ್ದಾಡುತ್ತಿದ್ದದ್ದು, ಅವರನ್ನು ಕರೆಯಿತು. ಅಲ್ಲಿ ಮೂರು ವರ್ಷ ಇದ್ದರು. ನಾನು ಮತ್ತೆ ಆಕ್ಸಿಲರೇಟರ್‌ಗಳಿಗೆ ಬಂದಾಗ ಆ ಯಂತ್ರವೂ ನನ್ನ ಪಾಲಿಗೇ ಬಂತು. ಎರಡು ಸಲ ನನ್ನ ರಿಪೇರಿಯನ್ನು ಒಪ್ಪದೆ ವಾಪಸ್ ಕಳಿಸಿದರು. ಒಂದು ಸಲ ಅವರದು ಸರಿ. ಇನ್ನೊಂದು ಸಲ ಅವರದೇ ಚೇಂಬರಿನೊಳಗೆ ತೇವ ಸೇರಿತ್ತು. ಅದು ಗೊತ್ತಾದ ದಿನ ತಾವೇ ಪುಸ್ತಕ ತೆಗೆದು 'ತಪ್ಪು ನನ್ನದು, ಇಂಜಿನಿಯರದ್ದಲ್ಲ' ಎಂದು ಬರೆದು, ಓದಿಸಿ, ಭಾನುವಾರ ರೊಟ್ಟಿ ತಿನ್ನಲು ಬಾ ಎಂದರು.

ಫಿಲೋಮಿನಾ ಅವರನ್ನು ಹುಡುಕಿಕೊಂಡು ಒಮ್ಮೆ ಕೊಚ್ಚಿಗೂ ಬಂದಿದ್ದಳಂತೆ. ಕಾಯಿಲೆ ಮರುಕಳಿಸಿರಲಿಲ್ಲ. ಒಣಮೀನಿನ ದೊಡ್ಡ ಪೊಟ್ಟಣ ತಂದಿದ್ದಳು. ಆ ವಾಸನೆಗೆ ತಾವಿದ್ದ ಹಾಸ್ಟೆಲಿನವರು ಗಲಾಟೆ ಮಾಡಿದರೆಂದು, ಅವರೊಂದಿಗೂ ಜಗಳಾಡಿದೆನೆಂದು ಮೇಡಂ ಹೆಮ್ಮೆಯಿಂದ ಹೇಳಿದರು.

ದಶಕ ಮುಗಿಯುವ ಹೊತ್ತಿಗೆ ಅವರು ಹುಬ್ಬಳ್ಳಿ ಕಡೆಯ ಒಂದು ಹೊಸ ಕ್ಯಾನ್ಸರ್ ಆಸ್ಪತ್ರೆಗೆ ಹೊರಟರು. ನಮ್ಮ ಭಾಷಾದಾಗ ಮಂದೀಗೆ ತಿಳಿಸಿ ಹೇಳಬಹುದು ಎಂಬ ಆಸೆ ಅವರಿಗೆ. ಎರ್ನಾಕುಳಂ ಸ್ಟೇಷನ್ನಿಗೆ ಬಿಡಲು ಹೋಗಿದ್ದೆ. ಅವರ ಸ್ವಂತ ಚೇಂಬರಿನ ಪೆಟ್ಟಿಗೆಯನ್ನು ಸೀಟಿನ ಕೆಳಗಿಡಿ ಎಂದ ಟಿಕೆಟ್ ಕಲೆಕ್ಟರ್. ಅದನ್ನ ಕೆಳಗಿಟ್ರ ನಾನೂ ಅಲ್ಲೇ ಕೂಡ್ತೀನಿ ಎಂದು ಅವರು ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡರು. ಗಾಡಿ ಹೊರಟಾಗ ಕಿಟಕಿಯಿಂದ ಕೈ ಚಾಚಿ ನನ್ನ ತಲೆಯ ಮೇಲೆ ಇಟ್ಟರು. ನಾನು ಅವರನ್ನು ಕೊನೆಯ ಸಲ ನೋಡಿದ್ದು ಅದು.

ಆಮೇಲೆ ಫೋನಿನಲ್ಲಿ ಮಾತಾಡುತ್ತಿದ್ದೆವು. ಒಮ್ಮೆ ಬಂದು ಹೋಗು ಎನ್ನುತ್ತಿದ್ದರು, ಬರ್ತೀನಿ ಎನ್ನುತ್ತಿದ್ದೆ. ಒಂದು ದಿನ ಅವರ ನಂಬರಿನಿಂದ ಬೇರೆ ದನಿ ಬಂತು. ತಂಗಿ ಶಮೀಮ. ಅಕ್ಕನಿಗೆ ಹೃದಯದ ತೊಂದರೆಯಾಗಿ ಬಿಜಾಪುರದ ಆಸ್ಪತ್ರೆಗೆ ಸೇರಿಸಿದ್ದರಂತೆ, ಮೂರು ದಿನ ಇದ್ದು ತೀರಿಹೋದರಂತೆ. ನನ್ನ ಹೆಸರು ಫೋನಿನಲ್ಲಿ ಎಲ್ಲಕ್ಕಿಂತ ಮೇಲೆ ಇತ್ತಂತೆ.

"ಕೊನೆಗೆ ಮಾತಾಡ್ತಿದ್ರಾ?" ಎಂದೆ.

"ಮಾತಾ?" ಆಕೆ ಅಳುತ್ತಲೇ ಇದ್ದಳು, ಆದರೂ ದನಿಯಲ್ಲಿ ನಗು ಸೇರಿಕೊಂಡಿತು. "ಕೈಗೆ ಔಷಧ ಬಿಡೂ ಪಂಪ ಹಚ್ಚಿದ್ರಲ್ರೀ, ಅದನ್ನ ನೋಡ್ಕೊಂತ ಮಲಗಿದ್ಲು. ಹನಿ ಎಣಸ್ತಿದ್ಲು. ಅದರ ಮ್ಯಾಲಿನ ನಂಬರಿಗೂ ಬೀಳೂ ಹನೀಗೂ ತಾಳೆ ಆಗವಲ್ದು, ಇದನ್ನ ಯಾವಾಗ ಚೆಕ್ ಮಾಡೀರಿ ಅಂತ ನರ್ಸಿನ ಜೋಡಿ ಜಗಳ. ಅವರು ಸರಿ ಐತಿ ಅಂದ್ರು. ಇಲ್ಲ ಅಂದ್ಲು. ಡಾಕ್ಟರ್ ಬಂದು ಹೇಳಿದ್ರೂ ಇಲ್ಲ ಅಂತ ಹಟ ಹಿಡದ್ಲು."

"ಆಮೇಲೆ?"

"ಆಮ್ಯಾಲ ಏನ್ರೀ, ಅಳದ ನೋಡಿದ್ರು, ಖರೇನ ತಪ್ಪಿತ್ತು. ಬ್ಯಾರೆ ಪಂಪ ತಂದ್ರು. ಆ ಹಳೇದನ್ನ ಇನ್ಯಾರಿಗೂ ಹಚ್ಚಬ್ಯಾಡ್ರಿ ಅಂತ ಹೇಳಿ, ಅದನ್ನ ವಾರ್ಡಿಂದ ಹೊರಗ ಒಯ್ಯೂದನ್ನ ನೋಡಿದ ಮ್ಯಾಲೇನ ಕಣ್ಣ ಮುಚ್ಚಿದ್ಲು."